ಸೋಲನ್ನು ಅಳಿಸದ ಆಟ

ಮೇಜಿನ ನಡುವೆ ಒಂದು ಚಿಕ್ಕ ಬಟ್ಟೆಚೀಲ. ಅದರೊಳಗೆ ರಟ್ಟಿನ 16 ಬಿಲ್ಲೆಗಳು. ಒಬ್ಬಾಕೆ ಚೀಲಕ್ಕೆ ಕೈ ಹಾಕಿ ಬಿಲ್ಲೆಗಳನ್ನು ಬೆರಳಲ್ಲೇ ಕಲಕುತ್ತಿದ್ದಾಳೆ. ಎದುರಿಗೆ ಕೂತವನು ಮಾತು ನಿಲ್ಲಿಸಿ ಅವಳ ಕೈಯನ್ನೇ ನೋಡುತ್ತಿದ್ದಾನೆ. ಹೊರಗೆ ಬಂದ ಬಿಲ್ಲೆ ಕೆಂಪು ಬಣ್ಣದ್ದು. ಎಷ್ಟೇ ಬಲ ಕೂಡಿಸಿಕೊಂಡಿದ್ದರೂ ಆ ಬಿಲ್ಲೆ ಬಂತೆಂದರೆ ಪ್ರಯತ್ನ ವಿಫಲ. ಆಕೆ ಅದನ್ನು ಮೆಲ್ಲಗೆ ಮೇಜಿನ ಮೇಲಿಡುತ್ತಾಳೆ. ಅವನು ಬೈಯುವುದಿಲ್ಲ, ತಲೆ ಚಚ್ಚಿಕೊಳ್ಳುವುದಿಲ್ಲ. ‘ಇರಲಿ ಬಿಡು, ನನ್ನ ಸರದಿಯಲ್ಲಿ ಏನಾದರೂ ಮಾಡೋಣ’ ಎನ್ನುತ್ತ ಕೈಯಲ್ಲಿರುವ ಕಾರ್ಡುಗಳನ್ನು ಮತ್ತೆ ಜೋಡಿಸಿಕೊಳ್ಳುತ್ತಾನೆ.

ಆಟದ ಹೆಸರು ‘ಆರ್ಕಮ್ ಹಾರರ್: ದಿ ಕಾರ್ಡ್ ಗೇಮ್’. ಅಮೆರಿಕದ ಮಿನೆಸೋಟ ರಾಜ್ಯದ ಫ್ಯಾಂಟಸಿ ಫ್ಲೈಟ್ ಗೇಮ್ಸ್ ಕಂಪನಿ ಇದನ್ನು 2016ರಲ್ಲಿ ಹೊರತಂದಿತು. ರೂಪಿಸಿದವರು ನೇಟ್ ಫ್ರೆಂಚ್ ಮತ್ತು ಎಂ.ಜೆ. ನ್ಯೂಮನ್. ಇಲ್ಲಿ ಎದುರಾಳಿ ಎಂಬ ಮನುಷ್ಯನೇ ಇಲ್ಲ. ಒಬ್ಬರಿಂದ ನಾಲ್ವರವರೆಗೆ ಕೂತು, ಎಲ್ಲರೂ ಒಂದೇ ಪಕ್ಷವಾಗಿ, ಕಾರ್ಡುಗಳ ಕಟ್ಟಿನೊಳಗೆ ಅಡಗಿದ ಭಯದ ವಿರುದ್ಧ ಆಡುತ್ತಾರೆ. ಗೆದ್ದರೆ ಎಲ್ಲರೂ ಗೆದ್ದರು, ಸೋತರೆ ಎಲ್ಲರೂ ಸೋತರು. ಕಥೆ ನಡೆಯುವುದು 1920ರ ದಶಕದಲ್ಲಿ, ಮ್ಯಾಸಚೂಸೆಟ್ಸ್‌ನಲ್ಲಿದೆ ಎಂದು ಕಲ್ಪಿಸಿಕೊಂಡ ಆರ್ಕಮ್ ಎಂಬ ಊರಿನಲ್ಲಿ.

ಸಹಕಾರದಿಂದ ಆಡುವ ಆಟಗಳು ಈಗ ಬೇಕಾದಷ್ಟಿವೆ. ಇದನ್ನು ಬೇರೆಯಾಗಿ ನಿಲ್ಲಿಸುವುದು ಒಂದು ಸಂಜೆಗೆ ಮುಗಿಯದ ಅದರ ಕಥೆ. ಒಂದರ ಹಿಂದೆ ಒಂದರಂತೆ ಹಲವು ಅಧ್ಯಾಯಗಳನ್ನು ಅದೇ ಪಾತ್ರಗಳೊಂದಿಗೆ ಆಡಬೇಕು. ಆಡುವವರ ಬಾಯಲ್ಲಿ ಇದಕ್ಕೆ ‘ಕ್ಯಾಂಪೇನ್’ ಎಂದೇ ಹೆಸರು. ಮೊದಲ ಅಧ್ಯಾಯದಲ್ಲಿ ಆದ ಗಾಯ ಎರಡನೆಯದಕ್ಕೂ ಬರುತ್ತದೆ. ತಪ್ಪಿಸಿಕೊಂಡು ಹೋದವನು ಮೂರನೆಯದರಲ್ಲಿ ಎದುರು ನಿಲ್ಲುತ್ತಾನೆ. ಸೋತರೂ ಕಥೆ ನಿಲ್ಲುವುದಿಲ್ಲ. ಸೋತದ್ದನ್ನು ಬರೆದಿಟ್ಟುಕೊಂಡು ಮುಂದಕ್ಕೆ ಹೋಗುತ್ತದೆ. ರ‍್ಯಾಂಕು, ಕಟಾಫ್‌ಗಳ ನಡುವೆ ಬೆಳೆಯುವ ಹದಿಹರೆಯದವರಿಗೂ ಅವರ ತಂದೆತಾಯಿಗೂ ಇಂಥ ಒಂದು ಕ್ಯಾಂಪೇನ್ ಅನ್ನು ಒಟ್ಟಿಗೆ ಕೂತು ಕೊನೆಯವರೆಗೆ ಆಡುವುದು ಕಾಲಹರಣವಲ್ಲ. ಸೋಲನ್ನು ನಾಲ್ಕು ಜನ ಹಂಚಿಕೊಂಡು ಹೊರುವುದು ಹೇಗೆ ಎಂಬುದನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಮನರಂಜನೆ ಬೇರೆ ಹೆಚ್ಚಿಲ್ಲ.

ಆಟದ ಒಳಗೆ ಇಳಿಯದಿದ್ದರೆ ಈ ಮಾತು ಪೊಳ್ಳಾಗುತ್ತದೆ. ಆದ್ದರಿಂದ ಮೂಲ ಪೆಟ್ಟಿಗೆಯ ಇಬ್ಬರು ತನಿಖೆಗಾರರನ್ನು ಹತ್ತಿರದಿಂದ ನೋಡಬೇಕು. ರೋಲ್ಯಾಂಡ್ ಬ್ಯಾಂಕ್ಸ್ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಅಧಿಕಾರಿ. ಡೇಸಿ ವಾಕರ್ ಮಿಸ್ಕಟಾನಿಕ್ ಎಂಬ ಕಾಲ್ಪನಿಕ ವಿಶ್ವವಿದ್ಯಾಲಯದ ಗ್ರಂಥಪಾಲಕಿ. ಪ್ರತಿ ಪಾತ್ರಕ್ಕೂ ನಾಲ್ಕು ಸಾಮರ್ಥ್ಯಗಳು: ಮನೋಬಲ, ಬುದ್ಧಿ, ಹೋರಾಟ, ಚುರುಕುತನ. ರೋಲ್ಯಾಂಡ್‌ನ ಹೋರಾಟ 4, ಬುದ್ಧಿ 3. ಡೇಸಿಯ ಬುದ್ಧಿ 5, ಹೋರಾಟ ಬರೀ 2. ದೇಹ ತಾಳಿಕೊಳ್ಳುವ ಪೆಟ್ಟು ಅವನಿಗೆ 9, ಮನಸ್ಸು ತಾಳಿಕೊಳ್ಳುವ ದಿಗಿಲು 5. ಅವಳಿಗೆ ಸರಿಯಾಗಿ ತಿರುಗುಮುರುಗು: ದೇಹಕ್ಕೆ 5, ಮನಸ್ಸಿಗೆ 9. ಒಬ್ಬರ ಕೊರತೆಯ ಜಾಗದಲ್ಲಿ ಇನ್ನೊಬ್ಬರ ಬಲ ಬಂದು ಕೂರುವ ಹಾಗೆ ಲೆಕ್ಕ ಹಾಕಿ ಮಾಡಿದ ಪಾತ್ರಗಳು ಇವು.

ಪೆಟ್ಟಿಗೆಯಲ್ಲಿ ಇನ್ನೂ ಮೂವರಿದ್ದಾರೆ. ಹೋಟೆಲಿನಲ್ಲಿ ಊಟ ಬಡಿಸುವ ಆಗ್ನೆಸ್ ಬೇಕರ್, ಬೀದಿಯಲ್ಲಿ ಬೆಳೆದ ಹುಡುಗಿ ವೆಂಡಿ ಆಡಮ್ಸ್, ಜೈಲು ಕಂಡು ಬಂದ ‘ಸ್ಕಿಡ್ಸ್’ ಓಟೂಲ್. ಪ್ರತಿಯೊಬ್ಬರ ಕಾರ್ಡಿನ ಕಟ್ಟಿನಲ್ಲೂ ಅವರ ಸ್ವಂತದ ಒಂದು ದೌರ್ಬಲ್ಯದ ಕಾರ್ಡು ಕಡ್ಡಾಯವಾಗಿ ಇರಬೇಕು. ಸ್ಕಿಡ್ಸ್‌ನ ದೌರ್ಬಲ್ಯದ ಹೆಸರು ‘ಆಸ್ಪತ್ರೆ ಸಾಲ’. ಅದು ಕೈಗೆ ಬಂದ ಮೇಲೆ ಅಧ್ಯಾಯ ಮುಗಿಯುವುದರೊಳಗೆ ಅದರ ಮೇಲೆ 6 ನಾಣ್ಯ ಇಡದಿದ್ದರೆ, ಅವನು ಗಳಿಸಬೇಕಾದ ಅನುಭವದ ಅಂಕದಲ್ಲಿ 2 ಕಡಿತ. ಬಂದೂಕು ಕೊಳ್ಳಬೇಕೋ ಸಾಲ ತೀರಿಸಬೇಕೋ ಎಂಬ ಇಕ್ಕಟ್ಟಿನಲ್ಲಿ ಅವನು ಪ್ರತಿ ಸರದಿಯಲ್ಲೂ ಸಿಕ್ಕಿಕೊಳ್ಳುತ್ತಾನೆ. ಪಿಶಾಚಿಗಳಿರುವ ಆಟದಲ್ಲಿ ಆಸ್ಪತ್ರೆಯ ಬಿಲ್ಲು ಒಂದು ಭಯವಾಗಿ ಬಂದು ಕೂರುತ್ತದೆ. ಅದನ್ನು ಕಂಡು ತಲೆದೂಗದವರು ಯಾವ ಊರಿನಲ್ಲೂ ಇರಲಾರರು.

ಈಗ ಮತ್ತೆ ಚೀಲಕ್ಕೆ ಬರಬೇಕು. ಆಟದಲ್ಲಿ ದಾಳ ಇಲ್ಲ. ಬಾಗಿಲು ಒಡೆಯಲಿ, ಸುಳಿವು ಹುಡುಕಲಿ, ಹೊಡೆದಾಡಲಿ, ತನ್ನ ಸಾಮರ್ಥ್ಯದ ಅಂಕ ಇಟ್ಟುಕೊಂಡು ಚೀಲದಿಂದ ಒಂದು ಬಿಲ್ಲೆ ತೆಗೆಯಬೇಕು. ಬಿಲ್ಲೆಯ ಮೇಲಿನ ಸಂಖ್ಯೆಯನ್ನು ಆ ಅಂಕಕ್ಕೆ ಕೂಡಿಸಬೇಕು ಅಥವಾ ಕಳೆಯಬೇಕು. ‘ಸಾಧಾರಣ’ ಎಂಬ ಮಟ್ಟದಲ್ಲಿ ಆಡಿದರೆ ಚೀಲದಲ್ಲಿ +1 ಒಂದು, ಸೊನ್ನೆ ಎರಡು, −1 ಮೂರು, −2 ಎರಡು, −3 ಒಂದು, −4 ಒಂದು. ಉಳಿದ ಆರು ಚಿಹ್ನೆಯ ಬಿಲ್ಲೆಗಳು. ಅವುಗಳಲ್ಲಿ ಹೆಚ್ಚಿನವುಗಳ ಅರ್ಥ ಅಧ್ಯಾಯದಿಂದ ಅಧ್ಯಾಯಕ್ಕೆ ಬದಲಾಗುತ್ತದೆ. ಕೂಡಿಸುವ ಬಿಲ್ಲೆಗಿಂತ ಕಳೆಯುವ ಬಿಲ್ಲೆಗಳೇ ಹೆಚ್ಚೆಂಬುದು ಎಣಿಸಿ ನೋಡಿದರೆ ತಿಳಿಯುತ್ತದೆ.

ಮೊದಲ ಅಧ್ಯಾಯದ ಕೊನೆಯಲ್ಲಿ ಹೆಣ ತಿನ್ನುವ ಗೂಲ್‌ಗಳ ಪೂಜಾರಿ ಬಂದು ನಿಲ್ಲುತ್ತಾನೆ. ಅವನ ಹೋರಾಟದ ಬಲ 4. ರೋಲ್ಯಾಂಡ್ ಬರಿಗೈಯಲ್ಲಿ ಎದುರಿಸುತ್ತಾನೆ ಎಂದಿಟ್ಟುಕೊಂಡರೆ ಅವನ ಬಲವೂ 4. ಸರಿಸಮ ಎಂದು ತೋರುತ್ತದೆ. ಆದರೆ 16 ಬಿಲ್ಲೆಗಳಲ್ಲಿ ಅವನನ್ನು ಗೆಲ್ಲಿಸುವುದು 4 ಮಾತ್ರ: +1, ಎರಡು ಸೊನ್ನೆ, ಮತ್ತು ಶುಭದ ಚಿಹ್ನೆ. ಏಟು ತಪ್ಪಿದರೆ ಪೂಜಾರಿ ಕೂಡಲೇ ತಿರುಗಿ ಹೊಡೆಯುತ್ತಾನೆ; ದೇಹಕ್ಕೆ 2 ಪೆಟ್ಟು, ಮನಸ್ಸಿಗೆ 2 ದಿಗಿಲು. ಐದೇ ದಿಗಿಲು ತಾಳಬಲ್ಲ ರೋಲ್ಯಾಂಡ್ ಅಂಥ ಮೂರು ಏಟಿಗೆ ಉಳಿಯುವುದಿಲ್ಲ.

ಆ ಹೊತ್ತಿಗೆ ಡೇಸಿ ಅದೇ ಕೋಣೆಯಲ್ಲಿದ್ದರೆ ಲೆಕ್ಕ ಬೇರೆ. ಒಂದೇ ಸ್ಥಳದಲ್ಲಿರುವ ಜೊತೆಗಾರರು ತಮ್ಮ ಕೈಯಿಂದ ಒಂದೊಂದು ಕಾರ್ಡನ್ನು ಇನ್ನೊಬ್ಬರ ಪ್ರಯತ್ನಕ್ಕೆ ಕೊಡಬಹುದು ಎಂಬುದು ನಿಯಮ. ಅವಳ ಕೈಯಲ್ಲಿ ‘ಅನಿರೀಕ್ಷಿತ ಧೈರ್ಯ’ ಎಂಬ ಕಾರ್ಡಿದೆ. ಅದನ್ನು ಮುಂದಿಟ್ಟರೆ ರೋಲ್ಯಾಂಡ್‌ಗೆ 2 ಸೇರಿ ಬಲ 6 ಆಗುತ್ತದೆ. ಆಗ ಗೆಲ್ಲಿಸುವ ಬಿಲ್ಲೆಗಳು 4 ಅಲ್ಲ, 13. ಸೋಲಿಸುವುದು −3, −4 ಮತ್ತು ಆ ಕೆಂಪು ಬಿಲ್ಲೆ ಮಾತ್ರ. ಒಂದು ಕಾರ್ಡು, ಒಬ್ಬ ಜೊತೆಗಾರ್ತಿ. ಕಾಲುಭಾಗದ ಆಸೆ ಮುಕ್ಕಾಲು ದಾಟಿತು.

ಆ ಕಾರ್ಡು ಪುಕ್ಕಟೆ ಬಂದದ್ದಲ್ಲ. ಅದನ್ನು ಕೊಟ್ಟ ಮೇಲೆ ತನಗೆ ಕಷ್ಟ ಬಂದಾಗ ಡೇಸಿಯ ಕೈಯಲ್ಲಿ ಅದು ಇರುವುದಿಲ್ಲ. ಸುಳಿವು ಹುಡುಕಲು ಬೇರೆ ಕೋಣೆಗೆ ಹೋಗಬೇಕಾದವಳು ಇಲ್ಲೇ ನಿಂತದ್ದರಿಂದ ಕೆಲಸವೂ ಹಿಂದೆ ಬಿತ್ತು. ಮೊದಲ ಸುತ್ತನ್ನು ಬಿಟ್ಟು ಪ್ರತಿ ಸುತ್ತಿನ ಆರಂಭದಲ್ಲಿ ವಿನಾಶದ ಗುರುತೊಂದು ಏರುತ್ತಲೇ ಇರುತ್ತದೆ. ಅದು ತುಂಬಿದರೆ ಕತ್ತಲು ಒಂದು ಹೆಜ್ಜೆ ಹತ್ತಿರ ಬರುತ್ತದೆ. ಜೊತೆಗಿರಬೇಕೋ, ಕೆಲಸ ಹಂಚಿಕೊಂಡು ಬೇರೆಯಾಗಬೇಕೋ ಎಂಬ ಪ್ರಶ್ನೆ ಪ್ರತಿ ಸುತ್ತಿನಲ್ಲೂ ಏಳುತ್ತದೆ. ಮದುವೆಮನೆಯ ಕೆಲಸ ಹಂಚಿಕೊಂಡವರಿಗೂ ಆಸ್ಪತ್ರೆಯಲ್ಲಿ ಸರದಿಯ ಮೇಲೆ ರೋಗಿಯ ಪಕ್ಕ ಕೂತವರಿಗೂ ಇದು ಹೊಸ ಪ್ರಶ್ನೆಯಲ್ಲ.

ಹಾಗಿದ್ದರೆ ಭಯ ಎಲ್ಲಿಂದ ಬರುತ್ತದೆ? ರಟ್ಟಿನ ಕಾರ್ಡಿಗೆ ಸದ್ದಿಲ್ಲ, ಚಿತ್ರ ಅಲುಗಾಡುವುದಿಲ್ಲ. ಎರಡನೆಯ ಸುತ್ತಿನಿಂದಲೇ ಪ್ರತಿಯೊಬ್ಬರೂ ಅಪಾಯದ ಕಟ್ಟಿನಿಂದ ಒಂದು ಕಾರ್ಡು ಎತ್ತಲೇಬೇಕು. ಏನು ಬರುತ್ತದೆ ಎಂಬುದು ಗೊತ್ತಿಲ್ಲ. ಏನೋ ಒಂದು ಬಂದೇ ಬರುತ್ತದೆ ಎಂಬುದು ಮಾತ್ರ ಗೊತ್ತು. ಭಯಾನಕ ರಸ ಹುಟ್ಟುವುದು ಕಾಣುವುದಕ್ಕಿಂತ ಹೆಚ್ಚಾಗಿ ಕಾಯುವುದರಲ್ಲಿ. ಕರೆಂಟು ಹೋದ ರಾತ್ರಿ ಅಜ್ಜಿ ಕಥೆ ಹೇಳುತ್ತ ‘ಆಮೇಲೆ...’ ಎಂದು ನಿಲ್ಲಿಸಿ ಎಲೆ ಅಡಿಕೆ ಬಾಯಿಗಿಟ್ಟುಕೊಂಡಾಗ ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಳ್ಳುತ್ತಿದ್ದರಲ್ಲ, ಆ ನಿಲುಗಡೆಯಂಥದೇ ಇದು.

ಭಯ ಒಬ್ಬನೇ ಇದ್ದಾಗ ಕುಗ್ಗಿಸುತ್ತದೆ, ನಾಲ್ವರಿದ್ದಾಗ ಹತ್ತಿರ ಕೂರಿಸುತ್ತದೆ. ಆಟದ ವಿನ್ಯಾಸಕರು ಈ ಗುಟ್ಟನ್ನು ಅರಿತೇ ಕೆಲವು ಕಾರ್ಡುಗಳಿಗೆ ‘ಪೆರಿಲ್’ ಎಂಬ ಗುರುತು ಕೊಟ್ಟಿದ್ದಾರೆ. ಆ ಗುರುತಿನ ಕಾರ್ಡು ಎತ್ತಿದವರು ಅದು ಇತ್ಯರ್ಥವಾಗುವವರೆಗೆ ಯಾರೊಂದಿಗೂ ಸಮಾಲೋಚಿಸುವಂತಿಲ್ಲ. ಜೊತೆಗಾರರು ಕಾರ್ಡು ಕೊಟ್ಟು ನೆರವಾಗುವಂತೆಯೂ ಇಲ್ಲ. ಅಲ್ಲಿಯವರೆಗೆ ಗಲಗಲ ಎನ್ನುತ್ತಿದ್ದ ಮೇಜು ಆ ಕ್ಷಣ ಮೌನವಾಗುತ್ತದೆ. ಅಷ್ಟು ಹೊತ್ತು ಮಾತು ಎಷ್ಟು ಆಸರೆಯಾಗಿತ್ತು ಎಂಬುದು ಅದು ನಿಂತಾಗಲೇ ಅರಿವಾಗುವುದು.

ಈ ನಿಯಮದಿಂದ ಇನ್ನೊಂದು ಉಪಕಾರವೂ ಇದೆ. ಸಹಕಾರದ ಆಟಗಳಿಗೆ ಅಂಟಿದ ಹಳೆಯ ರೋಗವೆಂದರೆ ಒಬ್ಬ ಜಾಣ ಎಲ್ಲರ ಪರವಾಗಿಯೂ ಯೋಚಿಸಿ, ಉಳಿದವರು ಅವನ ಕೈಗಳಾಗಿಬಿಡುವುದು. ಮ್ಯಾಟ್ ಲೀಕಾಕ್ ರೂಪಿಸಿ 2008ರಲ್ಲಿ ಬಂದ ‘ಪ್ಯಾಂಡೆಮಿಕ್’ ಇಡೀ ಜಗತ್ತಿಗೆ ಒಟ್ಟಾಗಿ ಆಡುವುದನ್ನು ಕಲಿಸಿದ ಆಟ. ಅದರಲ್ಲೂ ಈ ತೊಂದರೆ ಕಾಣುತ್ತದೆ. ಎಲ್ಲ ಮಾಹಿತಿಯೂ ಮೇಜಿನ ಮೇಲೇ ಇರುವುದರಿಂದ ಜೋರು ದನಿಯವನ ಮಾತೇ ನಡೆಯುತ್ತದೆ. ಆರ್ಕಮ್‌ನಲ್ಲಿ ಪ್ರತಿಯೊಬ್ಬರೂ 30 ಕಾರ್ಡುಗಳ ಸ್ವಂತ ಕಟ್ಟನ್ನು ತಾವೇ ಆಯ್ದು ಕಟ್ಟಿಕೊಂಡಿರುತ್ತಾರೆ. ಅದರೊಳಗೇನಿದೆ, ಯಾವಾಗ ಯಾವುದನ್ನು ಬಳಸಬೇಕು ಎಂಬುದು ಕಟ್ಟಿದವರಿಗೇ ಚೆನ್ನಾಗಿ ಗೊತ್ತು. ಮನೆಯ ಕಿರಿಯಳು ‘ಇಲ್ಲ ಅಪ್ಪಾ, ಈ ಕಾರ್ಡು ಈಗ ಕೊಡಲ್ಲ, ಮುಂದೆ ಬೇಕಾಗುತ್ತೆ’ ಎಂದು ಹೇಳಬಲ್ಲ, ಹೇಳಿದ್ದು ಸರಿಯೂ ಆಗಬಲ್ಲ ಆಟ ಇದು.

ಪೂಜಾರಿಯನ್ನು ಸೋಲಿಸಿದ ಮೇಲೆ ಏನಾಗುತ್ತದೆ ಎಂಬುದರಲ್ಲಿ ಕ್ಯಾಂಪೇನ್‌ನ ನಿಜವಾದ ಸತ್ವ ಇದೆ. ಮೊದಲ ಅಧ್ಯಾಯ ನಡೆಯುವುದು ಮುಖ್ಯ ತನಿಖೆಗಾರನ ಸ್ವಂತ ಮನೆಯಲ್ಲಿ. ಓದುವ ಕೋಣೆಯ ಬಾಗಿಲೇ ಮಾಯವಾಗಿರುತ್ತದೆ. ಅಟ್ಟಕ್ಕೆ ಕಾಲಿಟ್ಟರೆ ದಿಗಿಲು, ನೆಲಮಾಳಿಗೆಗೆ ಇಳಿದರೆ ಪೆಟ್ಟು. ಕೊನೆಗೆ ಲೀಟಾ ಚಾಂಟ್ಲರ್ ಎಂಬ ಹೆಂಗಸು, ಈ ಮನೆಯ ಕೆಳಗೆ ಗೂಲ್‌ಗಳ ಬಿಲವಿದೆ, ಮನೆಗೆ ಬೆಂಕಿ ಇಡಬೇಕು ಎನ್ನುತ್ತಾಳೆ. ಇಡಬೇಕೇ ಬೇಡವೇ? ನಿಯಮದ ಪುಸ್ತಕ ಈ ತೀರ್ಮಾನವನ್ನು ಮುಖ್ಯ ತನಿಖೆಗಾರನಿಗೇ ಬಿಡುತ್ತದೆ. ಮನೆ ಅವನದು ತಾನೆ.

ಬೆಂಕಿ ಇಟ್ಟರೆ ಲೀಟಾ ಮುಂದಿನ ದಾರಿಗೆ ಜೊತೆಯಾಗುತ್ತಾಳೆ, ಅದು ಇಡೀ ತಂಡಕ್ಕೆ ಬಲ. ಆದರೆ ಮನೆ ಕಳೆದುಕೊಂಡವನ ಮನಸ್ಸಿಗೆ ಒಂದು ಶಾಶ್ವತ ಗಾಯ ದಾಖಲಾಗುತ್ತದೆ. ಮುಂದಿನ ಪ್ರತಿ ಅಧ್ಯಾಯವನ್ನೂ ಅವನು ಒಂದು ದಿಗಿಲು ಹೊತ್ತುಕೊಂಡೇ ಶುರು ಮಾಡಬೇಕು. ಬೆಂಕಿ ಇಡದಿದ್ದರೆ ಮನೆ ಉಳಿಯುತ್ತದೆ, ಅವನಿಗೆ ಒಂದು ಅನುಭವದ ಅಂಕ ಹೆಚ್ಚು ಸಿಗುತ್ತದೆ, ಲೀಟಾ ಜೊತೆಗಿರುವುದಿಲ್ಲ. ಲಾಭ ಎಲ್ಲರದು, ನೋವು ಒಬ್ಬನದು. ಈ ಕಾಗದದ ಮನೆಗಾಗಿ ಗೆಳೆಯರು ಕಾಲು ಗಂಟೆ ವಾದ ಮಾಡುತ್ತಾರೆ. ಕೊನೆಗೆ ಒಬ್ಬರು ಪೆನ್ನು ತೆಗೆದುಕೊಂಡು ದಾಖಲೆ ಹಾಳೆಯಲ್ಲಿ ಒಂದು ಸಾಲು ಬರೆಯುತ್ತಾರೆ. ಆ ಸಾಲನ್ನು ಮುಂದೆ ಅಳಿಸುವಂತಿಲ್ಲ.

ಹಾಳೆ ತುಂಬುತ್ತ ಹೋಗುತ್ತದೆ. ಎರಡನೆಯ ಅಧ್ಯಾಯದಲ್ಲಿ ಊರೊಳಗೆ ಅಡಗಿದ ಗುಪ್ತಪಂಥದ ಆರು ಮಂದಿಯನ್ನು ಮಧ್ಯರಾತ್ರಿಯೊಳಗೆ ಪತ್ತೆ ಹಚ್ಚಬೇಕು. ಸಿಕ್ಕವರ ಹೆಸರು ಒಂದು ಪಟ್ಟಿಯಲ್ಲಿ, ತಪ್ಪಿಸಿಕೊಂಡವರದು ಇನ್ನೊಂದರಲ್ಲಿ. ಆರೂ ಜನರನ್ನು ಹಿಡಿಯುವ ತಂಡಗಳು ಕಡಿಮೆ. ತಪ್ಪಿಸಿಕೊಂಡವರು ಹೆಚ್ಚಾದಷ್ಟೂ ಮೂರನೆಯ ಅಧ್ಯಾಯ ಬಿಗಿಯಾಗುತ್ತದೆ. ಆ ಅಧ್ಯಾಯ ಹೇಗೆ ಮುಗಿಯುತ್ತದೆ ಎಂಬುದನ್ನು ಪತ್ರಿಕೆಯಲ್ಲಿ ಹೇಳುವುದು ತಕ್ಕದ್ದಲ್ಲ. ಆಡುವವರು ತಾವೇ ಕಾಣಬೇಕಾದದ್ದು ಅದು.

ಮೂಲ ಪೆಟ್ಟಿಗೆಯ ಕಥೆಗೆ ಅಧ್ಯಾಯಗಳು ಮೂರೇ. 2017ರಲ್ಲಿ ಶುರುವಾದ ‘ದಿ ಡನ್ವಿಚ್ ಲೆಗಸಿ’ಗೆ ಎಂಟು. ಅದರ ಆರಂಭದಲ್ಲೇ ಕಾಣೆಯಾದ ಇಬ್ಬರು ಪ್ರಾಧ್ಯಾಪಕರನ್ನು ಹುಡುಕಬೇಕು. ಯಾರ ಬಳಿಗೆ ಮೊದಲು ಹೋಗಬೇಕೆಂಬುದು ತಂಡದ ಆಯ್ಕೆ, ಆ ಆಯ್ಕೆಯಿಂದ ಇನ್ನೊಬ್ಬರ ಗತಿಯೇ ಬದಲಾಗುತ್ತದೆ. ‘ದಿ ಪಾತ್ ಟು ಕಾರ್ಕೋಸಾ’ದಲ್ಲಿ, ಕಂಡದ್ದನ್ನು ನಂಬಿದಿರೋ ಅನುಮಾನಿಸಿದಿರೋ ಎಂಬುದನ್ನೇ ಹಾಳೆಯಲ್ಲಿ ಎಣಿಸುತ್ತ ಹೋಗುತ್ತಾರೆ. ‘ದಿ ಫರ್ಗಾಟನ್ ಏಜ್’ನಲ್ಲಿ ಕಾಡಿಗೆ ಹೊರಡುವ ಮುಂಚೆ ಬುತ್ತಿ, ಔಷಧ, ಹಗ್ಗ, ಕಂಬಳಿಗಳಲ್ಲಿ ಯಾವುದು ಕೊಳ್ಳಬೇಕು, ಯಾವುದು ಬಿಡಬೇಕು ಎಂದು ಆರಿಸಬೇಕು. ಬಿಟ್ಟದ್ದರ ಬೆಲೆ ನಾಲ್ಕು ಅಧ್ಯಾಯ ಕಳೆದ ಮೇಲೆ ತಿಳಿಯಬಹುದು.

ವಿಡಿಯೊ ಗೇಮ್ ಆಡುವವರಿಗೆ ಒಂದು ಅಭ್ಯಾಸ ಇರುತ್ತದೆ: ಸೋತ ಕೂಡಲೇ ಹಿಂದಿನ ‘ಸೇವ್’ಗೆ ಹೋಗಿ ಮತ್ತೆ ಶುರು ಮಾಡುವುದು. ಆರ್ಕಮ್ ಆಡುವಾಗಲೂ ಕೆಂಪು ಬಿಲ್ಲೆಯನ್ನು ಚೀಲಕ್ಕೆ ವಾಪಸ್ ಹಾಕಿ ‘ಇನ್ನೊಂದು ಸಲ ತೆಗೆಯೋಣ’ ಎನ್ನುವ ಆಸೆ ಎಲ್ಲರಿಗೂ ಆಗುತ್ತದೆ. ಹಾಗೆ ಮಾಡಿದವರು ಆಟವನ್ನು ಗೆಲ್ಲಬಹುದು, ಆದರೆ ಕ್ಯಾಂಪೇನ್ ಅವರ ಕೈ ತಪ್ಪುತ್ತದೆ. ಅಧ್ಯಾಯ ಕೈಬಿಟ್ಟುಹೋದಾಗ ‘ಮೊದಲಿಂದ ಆಡಿ’ ಎಂದು ನಿಯಮದ ಪುಸ್ತಕ ಹೇಳುವುದಿಲ್ಲ. ಸೋತವರಿಗಾಗಿಯೇ ಬರೆದಿಟ್ಟ ಬೇರೆ ಪುಟಕ್ಕೆ ಹೋಗಿ ಎನ್ನುತ್ತದೆ. ಒಬ್ಬ ತನಿಖೆಗಾರ ಪೂರ್ತಿ ಕುಸಿದುಹೋದರೂ ಅವನ ಆಟಗಾರನನ್ನು ಮೇಜಿನಿಂದ ಎಬ್ಬಿಸುವುದಿಲ್ಲ. ಅವನು ಹೊಸ ಪಾತ್ರ ಆರಿಸಿಕೊಂಡು ಅದೇ ಕುರ್ಚಿಯಲ್ಲಿ ಕೂರುತ್ತಾನೆ. ಸೋತವನಿಗೆ ಜಾಗ ಕಾದಿರಿಸುವ ಈ ಒಂದು ಏರ್ಪಾಟಿಗಾಗಿಯೇ ಆಟವನ್ನು ಮೆಚ್ಚಬೇಕು.

ಆಕ್ಷೇಪಗಳೂ ಇವೆ, ಅವುಗಳಲ್ಲಿ ಮೊದಲನೆಯದು ಗಂಭೀರವಾದದ್ದು. ಆಟದ ಜಗತ್ತು ಎಚ್.ಪಿ. ಲವ್‌ಕ್ರಾಫ್ಟ್ ಕಥೆಗಳಿಂದ ಬಂದದ್ದು. 1890ರಲ್ಲಿ ಪ್ರಾವಿಡೆನ್ಸ್‌ನಲ್ಲಿ ಹುಟ್ಟಿ 1937ರಲ್ಲಿ ಬಡತನದಲ್ಲೇ ತೀರಿಕೊಂಡ ಈ ಅಮೆರಿಕನ್ ಲೇಖಕ ಬದುಕಿನುದ್ದಕ್ಕೂ ಜನಾಂಗದ್ವೇಷಿಯಾಗಿದ್ದ. ಪತ್ರಗಳಲ್ಲಿ ಮಾತ್ರವಲ್ಲ, ‘ದಿ ಹಾರರ್ ಅಟ್ ರೆಡ್ ಹುಕ್’ನಂಥ ಕಥೆಗಳಲ್ಲೂ ವಲಸಿಗರನ್ನು, ಕಪ್ಪು ಜನರನ್ನು ಕೊಳಕು ಮತ್ತು ಅಪಾಯ ಎಂದೇ ಚಿತ್ರಿಸಿದ. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಯಾಗಿ ಕೊಡುತ್ತಿದ್ದ ಅವನ ಮುಖದ ಪ್ರತಿಮೆಯನ್ನು 2015ರಲ್ಲಿ ಕೈಬಿಡಲಾಯಿತು. ಅದನ್ನು ಪ್ರತಿಭಟಿಸಿ ತನ್ನ ಪ್ರಶಸ್ತಿಗಳನ್ನು ಹಿಂದಿರುಗಿಸಿದ ವಿದ್ವಾಂಸ ಎಸ್.ಟಿ. ಜೋಶಿ, ಲವ್‌ಕ್ರಾಫ್ಟ್‌ನ ಅತಿ ವಿಸ್ತಾರವಾದ ಜೀವನಚರಿತ್ರೆ ಬರೆದವರು, ಹುಟ್ಟಿದ್ದು ಪುಣೆಯಲ್ಲಿ. ಮರುವರ್ಷ, ಅಂದರೆ ಈ ಆಟ ಬಂದ 2016ರಲ್ಲೇ, ವಿಕ್ಟರ್ ಲಾವೆಲ್ ‘ರೆಡ್ ಹುಕ್’ ಕಥೆಯನ್ನು ಕಪ್ಪು ವರ್ಣದ ಯುವಕನೊಬ್ಬನ ಕಣ್ಣಿನಿಂದ ಮತ್ತೆ ಹೇಳಿ ‘ದಿ ಬ್ಯಾಲಡ್ ಆಫ್ ಬ್ಲ್ಯಾಕ್ ಟಾಮ್’ ಬರೆದರು.

ಆಟ ಹಿಡಿದದ್ದು ಲಾವೆಲ್ ಅವರ ದಾರಿಯನ್ನು. ಡನ್ವಿಚ್ ಕಥೆಯ ತನಿಖೆಗಾರರಲ್ಲಿ ಜಿಮ್ ಕಲ್ವರ್ ಎಂಬ ಕಪ್ಪು ವರ್ಣದ ತುತ್ತೂರಿ ವಾದಕನಿದ್ದಾನೆ. ಕಾರ್ಕೋಸಾದಲ್ಲಿ ನೈಜೀರಿಯಾದ ಅಕಾಚಿ ಓನ್ಯೆಲೆ, ಏಷ್ಯಾ ಮೂಲದ ಮಿನ್ ಥಿ ಫಾನ್ ಇದ್ದಾರೆ. ಯಾರನ್ನು ಕಂಡು ಲವ್‌ಕ್ರಾಫ್ಟ್ ಹೆದರುತ್ತಿದ್ದನೋ ಅವರೇ ಇಲ್ಲಿ ಅವನ ಊರನ್ನು ಕಾಯುತ್ತಾರೆ. ಹಳೆಯ ಕಥೆಗಳ ವಿಷ ಇಷ್ಟರಿಂದಲೇ ಇಳಿಯಿತು ಎನ್ನಲಾಗದು. ಮಕ್ಕಳ ಜೊತೆ ಆಡುವ ಹಿರಿಯರು ಈ ಹಿನ್ನೆಲೆಯನ್ನು ಮುಚ್ಚಿಡದೆ ಹೇಳಬೇಕು.

ಮನಸ್ಸಿನ ಲೆಕ್ಕದ ಬಗೆಗೂ ಎಚ್ಚರ ಬೇಕು. ದಿಗಿಲು ಮಿತಿ ಮೀರಿದರೆ ಪಾತ್ರಕ್ಕೆ ‘ಹುಚ್ಚು ಹಿಡಿಯಿತು’ ಎನ್ನುವ ಪದ್ಧತಿ 1981ರಲ್ಲಿ ಬಂದ ‘ಕಾಲ್ ಆಫ್ ಕ್ತುಲು’ ಪಾತ್ರಾಭಿನಯದ ಆಟದಿಂದ ಇಲ್ಲಿಯವರೆಗೂ ಹರಿದು ಬಂದಿದೆ. ಮನೋರೋಗವನ್ನು ಕಥೆಯ ಕೊನೆಯೆಂಬಂತೆ ತೋರಿಸುವ ಈ ಮಾತು ನೋಯಿಸುವಂಥದು. ಚಿಕಿತ್ಸೆ ಪಡೆದು ನೆಮ್ಮದಿಯಿಂದ ಬದುಕುತ್ತಿರುವವರು ಪ್ರತಿ ಬೀದಿಯಲ್ಲಿದ್ದಾರೆ. ‘ದಣಿದುಹೋದ’, ‘ಇನ್ನು ತಾಳಲಾರ’ ಎಂದು ಮೇಜಿನಲ್ಲಿ ಬೇರೆ ಮಾತು ಬಳಸಿದರೆ ಆಟಕ್ಕೆ ಏನೂ ಕೊರೆಯಾಗುವುದಿಲ್ಲ. 14 ವರ್ಷ ದಾಟಿದವರಿಗೆ ಎಂದು ಪೆಟ್ಟಿಗೆಯ ಮೇಲೇ ಇದೆ, ಅದನ್ನು ಮೀರುವುದು ಬೇಡ.

ಇನ್ನು ಖರ್ಚು. ‘ಮ್ಯಾಜಿಕ್: ದಿ ಗ್ಯಾದರಿಂಗ್’ನಂಥ ಆಟಗಳಲ್ಲಿ ಪೊಟ್ಟಣದೊಳಗೆ ಯಾವ ಕಾರ್ಡಿದೆ ಎಂಬುದು ಒಡೆಯುವವರೆಗೆ ಗೊತ್ತಾಗದು, ಒಳ್ಳೆಯದು ಸಿಗಲೆಂದು ಮತ್ತೆ ಮತ್ತೆ ಕೊಳ್ಳಬೇಕು. ಆರ್ಕಮ್‌ನಲ್ಲಿ ಪೆಟ್ಟಿಗೆಯಲ್ಲಿರುವುದು ಇಂಥದೇ ಎಂದು ಮೊದಲೇ ನಿಗದಿ. ಅದು ಪ್ರಾಮಾಣಿಕ ವ್ಯಾಪಾರ. ಆದರೂ ವರ್ಷ ವರ್ಷ ಹೊಸ ಕಥೆಗಳು ಬರುತ್ತಲೇ ಇರುವುದರಿಂದ ಎಲ್ಲವನ್ನೂ ಕೊಳ್ಳಲು ಹೊರಟವರ ಜೇಬು ಬರಿದಾಗುವುದು ಖಂಡಿತ. ಎಲ್ಲವೂ ಬೇಕಾಗಿಯೂ ಇಲ್ಲ. 2021ರಲ್ಲಿ ಪರಿಷ್ಕರಿಸಿದ ಮೂಲ ಪೆಟ್ಟಿಗೆ ಒಂದಿದ್ದರೆ ನಾಲ್ವರು ಆಡಬಹುದು; ಐವರು ತನಿಖೆಗಾರರನ್ನು ಬದಲಿಸಿಕೊಂಡು ಅದೇ ಮೂರು ಅಧ್ಯಾಯಗಳನ್ನು ಹಲವು ಸಲ ಆಡಿದರೂ ದಾಖಲೆ ಹಾಳೆ ಪ್ರತಿ ಸಲವೂ ಬೇರೆಯಾಗಿರುತ್ತದೆ. ನಾಲ್ವರು ಗೆಳೆಯರು ಸೇರಿ ಒಂದು ಕೊಂಡರೆ ಸಾಕು.

ದೊಡ್ಡ ತೊಡಕು ಭಾಷೆಯದು. ಇದು ಓದಿ ಆಡುವ ಆಟ. ಕಾರ್ಡಿನ ಮೇಲಿನ ಒಂದು ಪದ ತಪ್ಪಿ ಅರ್ಥವಾದರೂ ಲೆಕ್ಕ ತಪ್ಪುತ್ತದೆ. ಜರ್ಮನ್, ಫ್ರೆಂಚ್, ಸ್ಪ್ಯಾನಿಷ್ ಓದುಗರಿಗೆ ಅದು ಅವರವರ ಭಾಷೆಯಲ್ಲಿ ಸಿಗುತ್ತದೆ, ಕನ್ನಡದವರಿಗೆ ಇಂಗ್ಲಿಷೇ ಗತಿ. ಬೆಂಗಳೂರಿನ ಬೋರ್ಡ್ ಗೇಮ್ ಕೆಫೆಗಳಲ್ಲಿ ಕೂರುವ ಯುವಕರಿಗೆ ಅದು ಅಡ್ಡಿಯಾಗದಿರಬಹುದು. ಆದರೆ ಮನೆಯಲ್ಲಿ ಅಮ್ಮನನ್ನೋ ತಾತನನ್ನೋ ಮೇಜಿಗೆ ಕರೆದರೆ ಯಾರಾದರೊಬ್ಬರು ಪ್ರತಿ ಕಾರ್ಡನ್ನೂ ಕನ್ನಡದಲ್ಲಿ ಹೇಳಬೇಕಾಗುತ್ತದೆ. ಹೇಳಿದರೆ ಚೆಂದವೇ ಆಗುತ್ತದೆ, ಕಥೆ ಹೇಳುವವರೊಬ್ಬರು ಹುಟ್ಟಿಕೊಳ್ಳುತ್ತಾರೆ. ಆದರೂ ಕನ್ನಡದಲ್ಲೇ ಬರೆದ, ಇಲ್ಲಿಯ ಭಯಗಳನ್ನೇ ಹೊತ್ತ ಇಂಥ ಒಂದು ಆಟ ಬರಬೇಕು ಎಂಬ ಆಸೆಗೆ ಇದು ಪರಿಹಾರವಲ್ಲ.

ಕಾರ್ಡಿನ ಕಲೆ ಈ ನಾಡಿಗೆ ಹೊಸದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಗಂಜೀಫಾ ಆಟಗಳು ಬೆಳೆದವು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ ಅವುಗಳ ವಿವರವಿದೆ. ದಶಾವತಾರದ ಚಿತ್ರಗಳಿರುವ ಮೈಸೂರು ಗಂಜೀಫಾ ಎಲೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಹಾಗಿದ್ದೂ ಇಂದು ‘ಎಲೆ ಆಡುವುದು’ ಎಂದರೆ ಬಹಳಷ್ಟು ಮನೆಗಳಲ್ಲಿ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಅಂದರ್ ಬಾಹರ್‌ನಲ್ಲಿ ಸಂಬಳ ಕಳೆದವರನ್ನು, ಆನ್‌ಲೈನ್ ರಮ್ಮಿಯ ಸಾಲಕ್ಕೆ ಸಿಕ್ಕಿ ಒದ್ದಾಡಿದವರನ್ನು ಅವರು ಕಂಡಿದ್ದಾರೆ. ಅವರ ಸಿಟ್ಟು ನ್ಯಾಯವಾದದ್ದು. ಪಣವಿಲ್ಲದ, ಪಕ್ಕದವನ ನಷ್ಟದಿಂದ ತನಗೆ ಲಾಭವಿಲ್ಲದ ಎಲೆಯಾಟವೂ ಇದೆ ಎಂಬುದನ್ನು ಅವರಿಗೆ ಮಾತಿನಲ್ಲಿ ಒಪ್ಪಿಸುವುದು ಕಷ್ಟ. ಒಂದು ಸಂಜೆ ಜೊತೆಗೆ ಕೂರಿಸಿಕೊಳ್ಳುವುದೇ ದಾರಿ.

ಹಾಗೆ ಕೂರುವವರು ಒಂದೆರಡು ಸಂಗತಿ ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು. ಮೊದಲ ಸಲ ‘ಸುಲಭ’ ಮಟ್ಟದಲ್ಲಿ ಆಡಬೇಕು. ಅದರ ಚೀಲದಲ್ಲಿ −3, −4 ಬಿಲ್ಲೆಗಳಿಲ್ಲ. ಒಂದು ಅಧ್ಯಾಯಕ್ಕೆ ಒಂದರಿಂದ ಎರಡು ಗಂಟೆ ಬೇಕು; ಮೊದಲ ಸಂಜೆ ನಿಯಮ ಕಲಿಯುವುದಕ್ಕೆ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಕಥೆಯ ಭಾಗಗಳನ್ನು ಒಬ್ಬರು ಗಟ್ಟಿಯಾಗಿ ಓದಬೇಕು. ದಾಖಲೆಯನ್ನು ಫೋನಿನಲ್ಲಿಡುವ ಬದಲು ಕೈಬರಹದಲ್ಲೇ ಬರೆಯಬೇಕು. ಮುಖ್ಯ ತನಿಖೆಗಾರನ ಜಾಗದಲ್ಲಿ ಮನೆಯ ಹಿರಿಯರನ್ನು ಕೂರಿಸದೆ, ಸಾಧಾರಣವಾಗಿ ಯಾರ ಮಾತು ನಡೆಯುವುದಿಲ್ಲವೋ ಅವರನ್ನು ಕೂರಿಸಿದರೆ ಮನೆಗೆ ಬೆಂಕಿ ಇಡುವ ಘಟ್ಟದಲ್ಲಿ ಒಳ್ಳೆಯ ಚರ್ಚೆಯಾಗುತ್ತದೆ.

ಮುಂದಿನ ಭಾನುವಾರ ಅದೇ ಮೇಜು, ಅದೇ ಕುರ್ಚಿಗಳು. ಮಡಿಸಿಟ್ಟ ಹಾಳೆಯನ್ನು ಬಿಚ್ಚಿ ಒಬ್ಬರು ಹೋದ ವಾರ ಬರೆದದ್ದನ್ನು ಓದುತ್ತಾರೆ: ಮನೆ ಸುಟ್ಟುಹೋಗಿದೆ. ಹಾಗಾಗಿ ಈ ಸಲ ಕಥೆ ಆರಂಭವಾಗುವುದು ಮನೆಯಿಂದಲ್ಲ, ರಿವರ್‌ಟೌನ್ ಎಂಬ ಬಡಾವಣೆಯಿಂದ. ರೋಲ್ಯಾಂಡ್‌ನ ಆಟಗಾರ ಆಟ ಶುರುವಾಗುವ ಮುಂಚೆಯೇ ತನ್ನ ಪಾತ್ರದ ಮೇಲೆ ಒಂದು ದಿಗಿಲಿನ ಗುರುತು ಇಡುತ್ತಾನೆ. ಆ ಬೆಂಕಿ ಹಚ್ಚಿದ್ದು ಅವನೇ. ಡೇಸಿಯ ಆಟಗಾರ್ತಿ ಲೀಟಾಳ ಕಾರ್ಡನ್ನು ಅವನ ಕಟ್ಟಿನೊಳಗೆ ಸೇರಿಸಿ ಕಲೆಸಿಕೊಡುತ್ತಾಳೆ. ಹದಿನಾರು ಬಿಲ್ಲೆಗಳು ಮತ್ತೆ ಚೀಲ ಸೇರುತ್ತವೆ, ಮೊನ್ನೆಯ ಆ ಕೆಂಪು ಬಿಲ್ಲೆಯೂ.